ಒರೆಸಿದರೂ ಮೂಡುವ ಗೆರೆ

ನಮ್ಮೂರು ಅಕ್ಕೋಳ. ನಿಪ್ಪಾಣಿ ತಾಲೂಕು, ವೇದಗಂಗೆಯ ದಂಡೆ. ಮಳೆ ಜೋರಾದ ವರ್ಷ ಅಕ್ಕೋಳ–ಸಿದ್ನಾಳ ಸೇತುವೆ ನೀರಲ್ಲಿ ಮುಳುಗುತ್ತದೆ. ಪತ್ರಿಕೆಗಳಲ್ಲಿ ನಮ್ಮೂರ ಹೆಸರು ಕಾಣುವುದು ಹೆಚ್ಚಾಗಿ ಆವಾಗಲೇ. ನಾನು ಹುಡುಗನಾಗಿದ್ದಾಗ ಹೊಳೆ ಇಳಿದ ಕೂಡಲೇ ದಂಡೆಯ ಮೇಲೆ ಒಂದೊಂದಾಗಿ ಡೀಸೆಲ್ ಇಂಜಿನ್ನುಗಳು ಬಂದು ಕೂಡುತ್ತಿದ್ದವು. ಕಬ್ಬಿಗೆ, ತಂಬಾಕಿನ ಸಸಿಗೆ ನೀರೆತ್ತುವುದಕ್ಕೆ. ಬೆಳಗಿನ ಜಾವ ಹೊಳೆಯ ಉದ್ದಕ್ಕೂ ಅವುಗಳ ಡಬ್ ಡಬ್ ಸದ್ದು ಕೇಳುತ್ತಿತ್ತು. ಮಲಗಿದಲ್ಲಿಂದಲೇ ನಮ್ಮಪ್ಪ ಯಾರ ಇಂಜಿನ್ ಯಾವುದು ಎಂದು ಗುರುತು ಹಿಡಿಯುತ್ತಿದ್ದರು.

ನಮ್ಮ ಮನೆಯಲ್ಲಿ ಐದು ಅಶ್ವಶಕ್ತಿಯದು ಒಂದಿತ್ತು. ಅಪ್ಪ ಓದಿದವರಲ್ಲ. ಆದರೆ ವಾರಕ್ಕೊಮ್ಮೆ ಇಂಜಿನ್ನಿನ ಎಣ್ಣೆಯನ್ನು ಒಂದು ತೊಟ್ಟು ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ತಿಕ್ಕಿ ನೋಡುತ್ತಿದ್ದರು. ಉಸುಕಿನಂತೆ ಏನಾದರೂ ಚುಚ್ಚಿದರೆ ಅವತ್ತು ಇಂಜಿನ್ ಚಾಲೂ ಆಗುತ್ತಿರಲಿಲ್ಲ. "ತಮ್ಮಾ, ಇದು ಕೆಡೂ ಮೊದ್ಲ ಹೇಳತೈತಿ. ಕೇಳಾವ್ರು ಬೇಕ ನೋಡ," ಎನ್ನುತ್ತಿದ್ದರು. ಎಷ್ಟು ನೋಡಿಕೊಂಡರೂ ಎರಡು ಮೂರು ಹಂಗಾಮಿಗೆ ಒಮ್ಮೆ ಅದನ್ನು ಬಿಚ್ಚಿ ಹಾಸಬೇಕಾಗುತ್ತಿತ್ತು. ರಿಂಗು ಸವೆದಿರುತ್ತಿತ್ತು, ಇಲ್ಲವೆ ವಾಲ್ವು ಸುಟ್ಟಿರುತ್ತಿತ್ತು. ಇಂಜಿನ್ ಅಂದಮೇಲೆ ಅದು ಸವೆಯುವುದೇ ಎಂದು ನಾವೆಲ್ಲ ತಿಳಿದಿದ್ದೆವು.

ಮುಂದೆ ಹೊಟ್ಟೆಪಾಡು ನನ್ನನ್ನು ಬೆಂಗಳೂರಿಗೆ ಕರೆದೊಯ್ದಿತು. ಅಲ್ಲಿ ವಿಮಾನದ ಜೆಟ್ ಇಂಜಿನ್ನಿನ ಭಾಗಗಳನ್ನು ತಪಾಸಣೆ ಮಾಡುವ ಕೆಲಸ ಸಿಕ್ಕಿತು. ಆ ಊರಿಗೆ ಈ ಕಸುಬು ಹೊಸದಲ್ಲ. 1957ರಲ್ಲೇ ಎಚ್‌ಎಎಲ್ ಸಂಸ್ಥೆ ಅಲ್ಲಿ ಆರ್ಫಿಯಸ್ ಎಂಬ ಜೆಟ್ ಇಂಜಿನ್ನನ್ನು ಪರವಾನಗಿ ಪಡೆದು ತಯಾರಿಸಲು ವಿಭಾಗ ತೆರೆದಿತ್ತು. ನ್ಯಾಟ್, ಮಾರುತ್ ಯುದ್ಧವಿಮಾನಗಳು ಹಾರಿದ್ದು ಆ ಇಂಜಿನ್ನಿನ ಮೇಲೆ. ಮೂರು ದಶಕ ಆ ಲೋಹಗಳ ನಡುವೆ ಕಳೆದು ನಾನು ಈಗ ಊರಿಗೆ ಮರಳಿದ್ದೇನೆ. ಸಂಜೆ ಕಟ್ಟೆಯ ಮೇಲೆ ಕೂತಾಗ ಮೇಲೆ ವಿಮಾನದ ಬಿಳಿ ಗೆರೆ ಕಂಡರೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಅಲ್ಲೋ ಮಾರಾಯಾ, ಅಷ್ಟ ಎತ್ತರದಾಗ ಅದು ಬಂದ್ ಬಿದ್ರ ಏನ ಮಾಡ್ತಾರ?" ಇವತ್ತಿನ ಮಾತು ಆ ಪ್ರಶ್ನೆಗೇ.

ಬಂದ್ ಬೀಳುವುದು ಎಷ್ಟು ಅಪರೂಪ ಎಂಬುದನ್ನು ಮೊದಲು ಹೇಳುತ್ತೇನೆ. ನಾವು ಕೂರುವ ಬೋಯಿಂಗ್ 737, ಏರ್‌ಬಸ್ 320 ವಿಮಾನಗಳಲ್ಲಿ ಬಹಳ ಕಾಲದಿಂದ ದುಡಿಯುತ್ತಿರುವ ಇಂಜಿನ್ನಿಗೆ ಸಿಎಫ್‌ಎಂ56 ಎಂದು ಹೆಸರು. ಅಮೆರಿಕದ ಜಿಇ, ಫ್ರಾನ್ಸಿನ ಸ್ನೆಕ್ಮಾ ಕಂಪನಿಗಳು 1974ರಲ್ಲಿ ಕೂಡಿ ಕಟ್ಟಿದ ಸಂಸ್ಥೆ ಅದನ್ನು ತಯಾರಿಸಿತು. ಹಾರುತ್ತಿರುವಾಗ ಅದು ನಿಂತುಹೋಗುವುದು ಸರಾಸರಿ 3,33,333 ತಾಸಿಗೆ ಒಮ್ಮೆ. ಒಬ್ಬ ಪೈಲಟ್ ವರ್ಷಕ್ಕೆ 900 ತಾಸಿನಂತೆ 40 ವರ್ಷ ಹಾರಿದರೂ ಆಗುವುದು 36,000 ತಾಸು. ಎರಡು ಇಂಜಿನ್ ಲೆಕ್ಕ ಹಿಡಿದರೆ 72,000. ಅಂದರೆ ಬಹುತೇಕ ಪೈಲಟ್‌ಗಳು ಇಂಜಿನ್ ನಿಂತದ್ದನ್ನು ತರಬೇತಿಯ ಯಂತ್ರದಲ್ಲಿ ನೋಡಿರುತ್ತಾರೆಯೇ ಹೊರತು ಆಕಾಶದಲ್ಲಿ ನೋಡದೆ ನಿವೃತ್ತರಾಗುತ್ತಾರೆ.

ಇನ್ನು ಬಾಳಿಕೆ. ಇದೇ ಜಾತಿಯ ಒಂದು ಇಂಜಿನ್ 1996ರಲ್ಲಿ, ರೆಕ್ಕೆಯಿಂದ ಒಮ್ಮೆಯೂ ಇಳಿಸಿ ದುರಸ್ತಿಗೆ ಒಯ್ಯದೆ, 30,000 ತಾಸು ಓಡಿತು. 2003ರಲ್ಲಿ ಇನ್ನೊಂದು 40,000 ದಾಟಿತು. 2016ರಲ್ಲಿ ಮತ್ತೊಂದು 50,000 ಮುಟ್ಟಿತು. ಇವು ದಾಖಲೆಗಳು, ಎಲ್ಲ ಇಂಜಿನ್ನಿಗೂ ಈ ಆಯುಷ್ಯ ಇರುವುದಿಲ್ಲ. ಆದರೂ ಒಮ್ಮೆ ಎಣಿಸಿ ನೋಡಿ. ನಮ್ಮಪ್ಪನ ಇಂಜಿನ್ ದಿನಕ್ಕೆ ನಾಲ್ಕು ತಾಸು, ವರ್ಷಕ್ಕೆ 150 ದಿನ ಓಡಿದರೆ 600 ತಾಸು ಆಯಿತು. ಆ ಲೆಕ್ಕದಲ್ಲಿ 50,000 ತಾಸು ಓಡಬೇಕಾದರೆ 83 ವರ್ಷ. ಅಷ್ಟೂ ವರ್ಷ ಯಾರೂ ಅದನ್ನು ಬಿಚ್ಚಬಾರದು!

ಹುಟ್ಟಿದಾಗ ಜೆಟ್ ಇಂಜಿನ್ ಹೀಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಯೂಮೊ 004 ಎಂಬ ಜೆಟ್ ಇಂಜಿನ್ 10ರಿಂದ 25 ತಾಸಿನಲ್ಲಿ ಮುಗಿದುಹೋಗುತ್ತಿತ್ತು. ಜರ್ಮನಿಗೆ ಒಳ್ಳೆಯ ನಿಕ್ಕಲ್, ಕ್ರೋಮಿಯಂ ಸಿಗುತ್ತಿರಲಿಲ್ಲ. ಸಾದಾ ಉಕ್ಕಿನಲ್ಲೇ ಕೆಲಸ ಸಾಗಿಸಿದರು. ಬೆಂಕಿ ಅದನ್ನು ತಿಂದುಹಾಕಿತು. 25 ತಾಸಿನಿಂದ 50,000 ತಾಸಿನವರೆಗಿನ ದಾರಿ ಬಹುಪಾಲು ಲೋಹದ ದಾರಿ.

ರಚನೆ ಕೂಡ ಜೆಟ್‌ಗೆ ಒದಗಿ ಬಂತು. ನಮ್ಮ ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಹೋಗಿ ನಿಲ್ಲಬೇಕು, ತಿರುಗಿ ಕೆಳಗೆ ಬರಬೇಕು, ಮತ್ತೆ ನಿಲ್ಲಬೇಕು. ನಿಮಿಷಕ್ಕೆ ನೂರಾರು ಸಲ ಈ ಜಗ್ಗಾಟ. ಲೋಹಕ್ಕೆ ಲೋಹ ತಿಕ್ಕುತ್ತಲೇ ಇರುತ್ತದೆ. ಜೆಟ್ ಇಂಜಿನ್ನಿನಲ್ಲಿ ಇರುವುದು ಒಂದೇ ಕಡೆಗೆ ತಿರುಗುವ ದಂಡ. ಮುಂದಿನ ಪಂಖ ಗಾಳಿಯನ್ನು ಎಳೆಯುತ್ತದೆ, ಅದರ ಹಿಂದಿನ ಸಾಲು ಸಾಲು ಬ್ಲೇಡುಗಳು ಒತ್ತುತ್ತವೆ, ನಡುವೆ ಇಂಧನ ಉರಿಯುತ್ತದೆ, ಹಿಂದಿನ ಟರ್ಬೈನು ಆ ಬಿಸಿ ಗಾಳಿಯ ಹೊಡೆತಕ್ಕೆ ತಿರುಗಿ ಮುಂದಿನದನ್ನೆಲ್ಲ ತಿರುಗಿಸುತ್ತದೆ. ಬೇರಿಂಗುಗಳು ಎಣ್ಣೆಯಲ್ಲಿ ತೇಲುತ್ತಿರುತ್ತವೆ. ತಿಕ್ಕಾಟ ಕಡಿಮೆ.

ಕಷ್ಟವೆಲ್ಲ ಆ ಟರ್ಬೈನಿನ ಮೊದಲ ಸಾಲಿನಲ್ಲಿದೆ. ಅಲ್ಲಿಗೆ ಬರುವ ಗಾಳಿಯ ಬಿಸಿ 1,500 ಡಿಗ್ರಿ ದಾಟಿರುತ್ತದೆ. ಬ್ಲೇಡಿನ ಲೋಹ ಕರಗುವುದು ಸುಮಾರು 1,350 ಡಿಗ್ರಿಗೆ. ಹಾಗಾದರೆ ಕರಗದೆ ಹೇಗೆ ಉಳಿಯುತ್ತದೆ? ಬ್ಲೇಡು ಒಳಗೆ ಪೊಳ್ಳು. ಅದರ ಮೈಯಲ್ಲಿ ಸೂಜಿ ಮೊನೆಯಂಥ ತೂತುಗಳಿವೆ. ಒತ್ತುವ ಭಾಗದಿಂದ ಕದ್ದು ತಂದ ಗಾಳಿ ಅವುಗಳಿಂದ ಹೊರಗೆ ಬಂದು ಬ್ಲೇಡಿನ ಸುತ್ತ ತೆಳ್ಳನೆಯ ಸೆರಗು ಹೊದಿಸುತ್ತದೆ. ತಂಪು ಗಾಳಿ ಎನ್ನುತ್ತೇವೆ, ಅದೂ ನೂರಾರು ಡಿಗ್ರಿಯದೇ. ಅದರ ಜೊತೆಗೆ ಮೈಮೇಲೆ ಪಿಂಗಾಣಿಯಂಥ ಲೇಪ.

ಕರಗದಿದ್ದರೆ ಸಾಲದು, ಹಿಗ್ಗಲೂಬಾರದು. ಅಂಗೈಯಗಲದ ಆ ಬ್ಲೇಡು ತಿರುಗುವ ವೇಗಕ್ಕೆ ಟನ್ನುಗಟ್ಟಲೆ ಭಾರ ಅದನ್ನು ಹೊರಕ್ಕೆ ಜಗ್ಗುತ್ತಿರುತ್ತದೆ. ಕೆಂಪಗೆ ಕಾದ ಲೋಹ ಅಂಥ ಜಗ್ಗಾಟಕ್ಕೆ ನಿಧಾನವಾಗಿ ಉದ್ದವಾಗುತ್ತ ಹೋಗುತ್ತದೆ. ಇಲ್ಲಿ ನಮ್ಮ ಕಡೆಯವರಿಗೆ ಒಂದು ಹೋಲಿಕೆ ಸುಲಭವಾಗಿ ತಿಳಿದೀತು. ಬೆಲ್ಲದ ಪೆಂಟೆಯನ್ನು ಒಡೆದು ನೋಡಿದರೆ ಅದು ಹರಳು ಹರಳಾಗಿ, ಹರಳುಗಳ ಸಂದಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಅದೇ ಕಬ್ಬಿನ ರಸದಿಂದ ಬಂದ ಕಲ್ಲುಸಕ್ಕರೆಯಲ್ಲಿ ನೂಲಿಗೆ ಅಂಟಿದ ಒಂದೊಂದು ಹರಳೂ ಒಳಗೆ ಸಂದಿಯೇ ಇಲ್ಲದ ಒಂದೇ ಗಟ್ಟಿ. ಹಳೆಯ ಬ್ಲೇಡು ಬೆಲ್ಲದ ಹಾಗೆ, ಈಗಿನದು ಕಲ್ಲುಸಕ್ಕರೆಯ ಹರಳಿನ ಹಾಗೆ: ಪೂರ್ತಿ ಬ್ಲೇಡು ಒಂದೇ ಹರಳು. ಅಚ್ಚಿನ ಬುಡದಲ್ಲಿ ಹಂದಿಯ ಬಾಲದಂತೆ ಸುರುಳಿ ಸುತ್ತಿದ ಒಂದು ಸಣ್ಣ ದಾರಿ ಇಟ್ಟಿರುತ್ತಾರೆ. ಕರಗಿದ ಲೋಹ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಹೆಪ್ಪುಗಟ್ಟುವಾಗ ಹುಟ್ಟುವ ಅನೇಕ ಹರಳುಗಳಲ್ಲಿ ಒಂದು ಮಾತ್ರ ಆ ಸುರುಳಿಯನ್ನು ಏರಿ ಬರುತ್ತದೆ, ಮುಂದೆ ಅಚ್ಚೆಲ್ಲ ಅದೇ ತುಂಬಿಕೊಳ್ಳುತ್ತದೆ. ಜಗತ್ತಿನಲ್ಲಿ ಈ ವಿದ್ಯೆ ಬಲ್ಲ ದೇಶಗಳು ಕೆಲವೇ. ನಮ್ಮ ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯ 2021ರಲ್ಲಿ ಹೆಲಿಕಾಪ್ಟರ್ ಇಂಜಿನ್ನಿಗಾಗಿ ಇಂಥ 60 ಬ್ಲೇಡುಗಳನ್ನು ಮಾಡಿ ಎಚ್‌ಎಎಲ್‌ಗೆ ಕೊಟ್ಟಿತು. ಆ ಸುದ್ದಿ ಓದಿದ ದಿನ ನನಗಾದ ಹೆಮ್ಮೆ ಇವತ್ತಿಗೂ ಇದೆ.

ಆದರೆ ಇಂಜಿನ್ ಸವೆಯುವುದು ತಾಸಿನ ಲೆಕ್ಕದಲ್ಲಿ ಮಾತ್ರವಲ್ಲ. ನಮ್ಮ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣವನ್ನೇ ತೆಗೆದುಕೊಳ್ಳಿ. 1942ರಲ್ಲಿ ಬ್ರಿಟಿಷರ ವಾಯುಪಡೆ ಮಾಡಿದ ಮೈದಾನ ಅದು. ಇವತ್ತು ಅಲ್ಲಿಗೆ ಬರುವ ವಿಮಾನಗಳಲ್ಲಿ ಸ್ಟಾರ್ ಏರ್‌ನವೂ ಇವೆ. 2019ರ ಜನವರಿಯಲ್ಲಿ ಹಾರಾಟ ಶುರು ಮಾಡಿದ ಆ ಕಂಪನಿ ನಮ್ಮ ನೆರೆಯ ಕೊಲ್ಲಾಪುರದ ಘೋಡಾವತ್ ಸಮೂಹದ್ದು. ಅದರ ಐವತ್ತು ಆಸನದ ಎಂಬ್ರೇಯರ್ 145 ವಿಮಾನಕ್ಕೆ ಎರಡು ಸಣ್ಣ ಜೆಟ್ ಇಂಜಿನ್ನುಗಳು ಬಾಲದ ಬಳಿ ಅಂಟಿಕೊಂಡಿರುತ್ತವೆ. ಬೆಳಗಾವಿಯಿಂದ ಬೆಂಗಳೂರಿಗೆ ಒಂದು ತಾಸಿನ ಆಸುಪಾಸು. ಇನ್ನೊಂದು ಕಡೆ, 2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು ಉತ್ತರ ಧ್ರುವದ ಮೇಲೆ ಹಾಯ್ದು, ಎಲ್ಲೂ ನಿಲ್ಲದೆ, ಬೆಂಗಳೂರಿಗೆ ಬಂದಿಳಿಯಿತು. ಕ್ಯಾಪ್ಟನ್ ಜೋಯಾ ಅಗರವಾಲ್; ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು. ಹತ್ತಿರ ಹತ್ತಿರ 17 ತಾಸು.

ಈ 17 ತಾಸಿನ ಹಾರಾಟ ನಮ್ಮ ಕಸುಬಿನ ಲೆಕ್ಕದಲ್ಲಿ ಒಂದು. ಬೆಳಗಾವಿಯಿಂದ ಬೆಂಗಳೂರಿನ ಒಂದು ತಾಸೂ ಒಂದೇ. ಒಂದು ಏರಿಕೆ, ಒಂದು ಇಳಿತಕ್ಕೆ ನಾವು ಒಂದು ಸೈಕಲ್ ಎನ್ನುತ್ತೇವೆ. ವಿಮಾನ ಏರುವಾಗ ಇಂಜಿನ್ ಪೂರ್ತಿ ಬಲ ಹಾಕುತ್ತದೆ. ತಣ್ಣಗಿದ್ದ ಲೋಹ ಕೆಲವೇ ನಿಮಿಷದಲ್ಲಿ ಕೆಂಪಾಗುತ್ತದೆ, ಹಿಗ್ಗುತ್ತದೆ. ಇಳಿದ ಮೇಲೆ ಮತ್ತೆ ಕುಗ್ಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ರೀತಿ. ಮೇಲೆ ಹೋದ ಮೇಲೆ ಅದು ಒಂದೇ ಹದದಲ್ಲಿ, ಚಳಿಯ ಶುದ್ಧ ಗಾಳಿಯಲ್ಲಿ ಹಾಯಾಗಿ ತಿರುಗುತ್ತಿರುತ್ತದೆ. ನಿಪ್ಪಾಣಿಯಿಂದ ಚಿಕ್ಕೋಡಿಗೆ ಹಳ್ಳಿ ಹಳ್ಳಿಗೆ ನಿಲ್ಲುತ್ತ ಹೋಗುವ ಬಸ್ಸಿನ ಕ್ಲಚ್ಚು, ರಾತ್ರಿ ಮುಂಬಯಿಗೆ ಹೋಗುವ ಬಸ್ಸಿನ ಕ್ಲಚ್ಚಿಗಿಂತ ಬೇಗ ಹೋಗುವುದೂ ಇದೇ ಕಾರಣಕ್ಕೆ. ಆದ್ದರಿಂದ ಇಂಜಿನ್ನಿನ ಎದೆಯೊಳಗಿರುವ ಡಿಸ್ಕುಗಳಿಗೆ, ಅಂದರೆ ಬ್ಲೇಡುಗಳನ್ನು ಹಿಡಿದು ತಿರುಗುವ ಗಟ್ಟಿ ಚಕ್ರಗಳಿಗೆ, ಇಷ್ಟು ಸಾವಿರ ಸೈಕಲ್ ಎಂದು ಆಯುಷ್ಯ ಬರೆದಿಟ್ಟಿರುತ್ತದೆ. ಆ ಸಂಖ್ಯೆ ಮುಟ್ಟಿದ ದಿನ ನೋಡಲು ಹೊಸದರಂತೆ ಇದ್ದರೂ ಅದನ್ನು ತೆಗೆದು ಹಾಕಲೇಬೇಕು. ಬ್ಲೇಡು ಮುರಿದರೆ ಇಂಜಿನ್ನಿನ ಕವಚ ತಡೆಯಬಲ್ಲದು. ಡಿಸ್ಕು ಒಡೆದರೆ ಯಾವ ಕವಚವೂ ತಡೆಯದು.

ನನ್ನ ಬದುಕು ಸವೆದದ್ದು ಆ ಡಿಸ್ಕುಗಳನ್ನು ನೋಡುವುದರಲ್ಲಿ. ಹೇಗೆ ನೋಡುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಚೆನ್ನಾಗಿ ತೊಳೆದ ಡಿಸ್ಕನ್ನು ಹಸಿರು ಹೊಳಪಿನ ಒಂದು ತೈಲದಲ್ಲಿ ಅದ್ದುತ್ತೇವೆ. ಕೂದಲಿಗಿಂತ ತೆಳು ಬಿರುಕಿದ್ದರೂ ತೈಲ ಅದರೊಳಗೆ ಇಳಿಯುತ್ತದೆ. ಮೇಲಿನದನ್ನು ತೊಳೆದು, ಒಣಗಿಸಿ, ಬಿಳಿ ಪುಡಿ ಉದುರಿಸುತ್ತೇವೆ. ಪುಡಿ, ಶಾಯಿಗೆ ಒತ್ತುಕಾಗದ ಹಿಡಿದ ಹಾಗೆ, ಬಿರುಕಿನೊಳಗಿನ ತೈಲವನ್ನು ಹೊರಗೆ ಹೀರುತ್ತದೆ. ಆಮೇಲೆ ಕತ್ತಲೆ ಕೋಣೆ. ಒಳಗೆ ಹೋದವರು ಮೊದಲು ಒಂದು ನಿಮಿಷವಾದರೂ ಸುಮ್ಮನೆ ಕೂರಬೇಕು, ಕಣ್ಣು ಕತ್ತಲೆಗೆ ಒಗ್ಗಬೇಕು. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಆಗಿರಬೇಕು. ನೇರಳೆ ದೀಪ ಹಚ್ಚಿದರೆ ಡಿಸ್ಕು ಕಪ್ಪಗೆ, ನದಿಯ ಮಡುವಿನಂತೆ ಕಾಣುತ್ತದೆ. ಬಿರುಕು ಇದ್ದಲ್ಲಿ ಹಸಿರು ಗೆರೆ ಮಿಣುಕುತ್ತದೆ.

ತೊಂದರೆ ಏನೆಂದರೆ, ಅಲ್ಲಿ ಹತ್ತಿಯ ಎಳೆಯೂ ಮಿಣುಕುತ್ತದೆ. ನಾನು ಕೆಲಸಕ್ಕೆ ಸೇರಿ ಮೂರನೆಯ ತಿಂಗಳು. ಒಂದು ಡಿಸ್ಕಿನ ಬೋಲ್ಟಿನ ತೂತಿನ ಅಂಚಿನಲ್ಲಿ ಅಕ್ಕಿ ಕಾಳಿನರ್ಧ ಉದ್ದದ ಗೆರೆ ಕಂಡಿತು. ಕೈಗವಸಿನ ಎಳೆ ಇರಬೇಕೆಂದು ಒರೆಸಿದೆ. ಹೋಯಿತು. ಸಂತೋಷದಿಂದ ಚೀಟಿಗೆ ಸಹಿ ಹಾಕಲು ಪೆನ್ನು ತೆಗೆದೆ. ಪಕ್ಕದಲ್ಲಿದ್ದ ಹಿರಿಯರು ಕೈ ಹಿಡಿದರು. ಬೈಯಲಿಲ್ಲ. "ಮತ್ತೆ ಪುಡಿ ಹಾಕು, ಕೂತಿರು," ಎಂದರಷ್ಟೆ. ಹಾಕಿದೆ. ಕೂತೆ. ಹತ್ತು ನಿಮಿಷ ಕತ್ತಲೆಯಲ್ಲಿ ನಾವಿಬ್ಬರೇ. ನೋಡುತ್ತಿದ್ದ ಹಾಗೆಯೇ ಅದೇ ಜಾಗದಲ್ಲಿ, ಮೊದಲು ಒಂದು ಚುಕ್ಕೆ, ಆಮೇಲೆ ಅದೇ ಗೆರೆ, ಹಸಿರಾಗಿ ಮೂಡಿ ಬಂತು. ಎಳೆ ಒರೆಸಿದರೆ ಹೋಗುತ್ತದೆ, ಬಿರುಕು ಒರೆಸಿದರೂ ಮತ್ತೆ ಮೂಡುತ್ತದೆ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಹಾಗೆ ಮೂಡಬೇಕಾದ ಗೆರೆಯೊಂದು ಕಾಣದೇ ಹೋದ ಕತೆ ನಮ್ಮ ಕಸುಬಿನವರಿಗೆಲ್ಲ ಗೊತ್ತು. 1989ರ ಜುಲೈ 19. ಅಮೆರಿಕದ ಯುನೈಟೆಡ್ ಕಂಪನಿಯ 232ನೇ ಸಂಖ್ಯೆಯ ಡಿಸಿ-10 ವಿಮಾನ, ಒಳಗೆ 296 ಜನ. ಬಾಲದ ಇಂಜಿನ್ನಿನ ಮುಂದಿನ ಪಂಖದ ಡಿಸ್ಕು ಒಡೆಯಿತು. ಚೂರುಗಳು ಬಾಲದೊಳಗೆ ಹಾಯ್ದು ವಿಮಾನವನ್ನು ತಿರುಗಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಬರಿದು ಮಾಡಿದವು. ಪೈಲಟ್‌ಗಳು ಉಳಿದ ಎರಡು ಇಂಜಿನ್ನುಗಳ ಬಲವನ್ನೇ ಹೆಚ್ಚು ಕಡಿಮೆ ಮಾಡುತ್ತ, ಅಯೋವಾ ರಾಜ್ಯದ ಸೂ ಸಿಟಿಯ ತನಕ ವಿಮಾನವನ್ನು ತಂದರು. 184 ಜನ ಬದುಕಿದರು. 112 ಜನ ಹೋದರು. ಒಡೆದ ಡಿಸ್ಕಿನ ದೊಡ್ಡ ತುಂಡು ಮೂರು ತಿಂಗಳು ಸಿಗಲೇ ಇಲ್ಲ. ಅಕ್ಟೋಬರಿನಲ್ಲಿ ಗೋವಿನಜೋಳದ ಕಟಾವಿಗೆ ಇಳಿದ ರೈತ ಮಹಿಳೆಯೊಬ್ಬರಿಗೆ ಹೊಲದಲ್ಲಿ ಸಿಕ್ಕಿತು. ಪರೀಕ್ಷಿಸಿದಾಗ ತಿಳಿದದ್ದು: 1971ರಷ್ಟು ಹಿಂದೆ, ಟೈಟೇನಿಯಂ ಕರಗಿಸುವಾಗಲೇ, ಸಾರಜನಕ ಸೇರಿ ಗಡುಸಾದ ಒಂದು ಕಣ ಅದರಲ್ಲಿ ಉಳಿದುಬಿಟ್ಟಿತ್ತು. ಅಲ್ಲಿಂದ ಹುಟ್ಟಿದ ಬಿರುಕು ಒಂದೊಂದು ಏರಿಕೆಗೂ ಒಂದಿಷ್ಟು ಬೆಳೆಯುತ್ತ ಬಂದಿತ್ತು. ಅಪಘಾತಕ್ಕಿಂತ 760 ಹಾರಾಟಗಳ ಹಿಂದೆ ಆ ಡಿಸ್ಕು ನಮ್ಮದರಂಥದೇ ಕತ್ತಲೆ ಕೋಣೆಯಲ್ಲಿ ತಪಾಸಣೆಗೆ ಬಂದಿತ್ತು. ಆಗಲೇ ಬಿರುಕು ಕಾಣುವಷ್ಟು ದೊಡ್ಡದಿತ್ತು ಎಂದು ತನಿಖೆ ಹೇಳಿತು. ಯಾರೋ ಒಬ್ಬರ ಕಣ್ಣಿಗೆ ಅದು ಬೀಳಲಿಲ್ಲ.

ಅದು ಯಾರೆಂದು ನಾನು ಯಾವತ್ತೂ ಹುಡುಕಲಿಲ್ಲ. ನನ್ನ ಮೂರನೆಯ ತಿಂಗಳು ನನಗೆ ನೆನಪಿದೆ. ಆ ದುರಂತದ ನಂತರ ಟೈಟೇನಿಯಂ ಕರಗಿಸುವ ವಿಧಾನ ಬಿಗಿಯಾಯಿತು, ತಪಾಸಣೆಗೆ ಶಬ್ದದಲೆ, ವಿದ್ಯುತ್ತಿನ ವಿಧಾನಗಳೂ ಜೊತೆಯಾದವು. ಇಂಜಿನ್ನುಗಳ ನಂಬಿಕೆ ಬೆಳೆದದ್ದು ಹೀಗೆ: ಪ್ರತಿ ಸಲವೂ ಅದನ್ನು ನಂಬದೆ ನೋಡಿದವರಿಂದ, ನೋಡಿದ್ದನ್ನು ಮುಚ್ಚಿಡದೆ ಬರೆದವರಿಂದ. ಈಗ ಇಂಜಿನ್ನಿನೊಳಗೆ ಬೆರಳಿಗಿಂತ ತೆಳ್ಳನೆಯ ಕ್ಯಾಮೆರಾ ಇಳಿಸಿ, ಬಿಚ್ಚದೆಯೇ ಬ್ಲೇಡುಗಳನ್ನು ಒಂದೊಂದಾಗಿ ನೋಡುತ್ತಾರೆ. ಹಾರುತ್ತಿರುವಾಗಲೇ ಬಿಸಿ, ನಡುಕ, ಎಣ್ಣೆಯ ಒತ್ತಡ ಎಲ್ಲ ನೆಲಕ್ಕೆ ವರದಿಯಾಗುತ್ತದೆ. ಎಣ್ಣೆಯ ದಾರಿಯಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ. ಬೇರಿಂಗು ಸವೆಯತೊಡಗಿದರೆ ಉಕ್ಕಿನ ಚೂರು ಅದಕ್ಕೆ ಅಂಟುತ್ತದೆ. ಅದನ್ನು ಮೊದಲ ಸಲ ನೋಡಿದಾಗ ನನಗೆ ನಮ್ಮಪ್ಪನ ಎರಡು ಬೆರಳು ನೆನಪಾದವು.

ಈ ನಂಬಿಕೆಯ ಮೇಲೆಯೇ ನಿಯಮಗಳೂ ಬದಲಾದವು. 1953ರಿಂದ ಅಮೆರಿಕದಲ್ಲಿ ಎರಡು ಇಂಜಿನ್ನಿನ ವಿಮಾನ, ಒಂದೇ ಇಂಜಿನ್ನಿನಲ್ಲಿ 60 ನಿಮಿಷದೊಳಗೆ ಮುಟ್ಟಬಹುದಾದ ನಿಲ್ದಾಣದಿಂದ ದೂರ ಹೋಗುವಂತಿರಲಿಲ್ಲ. ಸಾಗರ ದಾಟಲು ಮೂರು, ನಾಲ್ಕು ಇಂಜಿನ್ ಬೇಕಿತ್ತು. 1985ರಲ್ಲಿ ಟಿಡಬ್ಲ್ಯೂಎ ಕಂಪನಿಯ ಬೋಯಿಂಗ್ 767ಕ್ಕೆ 120 ನಿಮಿಷದ ಅನುಮತಿ ಸಿಕ್ಕಿತು, ಕೆಲವೇ ವರ್ಷಗಳಲ್ಲಿ 180 ಆಯಿತು. ಬೆಂಗಳೂರಿಗೆ ಧ್ರುವದ ಮೇಲಿಂದ ಬಂದ ವಿಮಾನಕ್ಕೆ ಇದ್ದದ್ದೂ ಎರಡೇ ಇಂಜಿನ್. ಒಂದೊಂದರ ಬಾಯಿ ಮೂರು ಮೀಟರಿಗಿಂತ ಅಗಲ.

ಹಾಗೆಂದು ಎಲ್ಲ ಸರಿಯಾಗಿಬಿಟ್ಟಿದೆ ಎಂದು ಹೇಳಲಾರೆ. ಇಂಧನ ಉಳಿಸಲು ಹೊಸ ಇಂಜಿನ್ನುಗಳು ಇನ್ನೂ ಬಿಸಿಯಾಗಿ ಉರಿಯುತ್ತವೆ. ನಮ್ಮ ದೇಶದ ಧೂಳು ಅವುಗಳಿಗೆ ಹಗೆ. ಬಿಸಿ ಬ್ಲೇಡಿಗೆ ಬಡಿದ ಧೂಳು ಕರಗಿ ಗಾಜಾಗಿ ಆ ಸೂಜಿತೂತುಗಳನ್ನು ಮುಚ್ಚುತ್ತದೆ. 2023ರಲ್ಲಿ ಪ್ರಾಟ್ ಅಂಡ್ ವಿಟ್ನಿ ತನ್ನ ಹೊಸ ಇಂಜಿನ್ನಿನ ಕೆಲವು ಡಿಸ್ಕುಗಳನ್ನು ಮಾಡಿದ ಲೋಹದ ಪುಡಿಯಲ್ಲಿ ಕಲ್ಮಶ ಇತ್ತೆಂದು ತಾನೇ ತಿಳಿಸಿತು. ಜಗತ್ತಿನಾದ್ಯಂತ ನೂರಾರು ವಿಮಾನಗಳು ನೆಲ ಹಿಡಿದವು, ನಮ್ಮ ಇಂಡಿಗೊದ್ದೂ ಹತ್ತಾರು. ಅದೇ ವರ್ಷದ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪನಿ ಇಂಜಿನ್ನುಗಳ ಕೊರತೆಯ ಕಾರಣ ಕೊಟ್ಟು ದಿವಾಳಿ ಅರ್ಜಿ ಹಾಕಿತ್ತು. ನಷ್ಟ ದೊಡ್ಡದು. ಆದರೂ ನನಗೆ ಕಾಣುವುದು ಇಷ್ಟು: 1971ರ ಕಣ 18 ವರ್ಷ ಅಡಗಿ ಕೂತು ಜೀವ ತೆಗೆಯಿತು, ಈ ಸಲದ ಕಲ್ಮಶಕ್ಕೆ ವಿಮಾನಗಳನ್ನು ನಿಲ್ಲಿಸಿ ಡಿಸ್ಕುಗಳನ್ನು ಹೊರತೆಗೆದರು. ನಿಂತ ವಿಮಾನದ ಬಗ್ಗೆ ಸಿಟ್ಟಾಗುವ ಪ್ರಯಾಣಿಕರಿಗೆ ನಾನು ಇದನ್ನೇ ಹೇಳುತ್ತೇನೆ.

ಕೊನೆಗೆ ನಮ್ಮ ಕಡೆಯದೇ ಒಂದು ಮಾತು. ನಿಪ್ಪಾಣಿಯಿಂದ ತವಂದಿ ಘಾಟು ಏರಿ, ಸಂಕೇಶ್ವರ ದಾಟಿ ಬೆಳಗಾವಿಯತ್ತ ಹೋದರೆ ಹತ್ತರಗಿ ಸಿಗುತ್ತದೆ. ಅಲ್ಲಿ ಹೆದ್ದಾರಿಯ ಪಕ್ಕ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯ ಇದೆ. ಲೋಹವನ್ನು ಒತ್ತಿ ಆಕಾರ ಕೊಡುವುದು, ಕೊರೆಯುವುದು, ಮೇಲ್ಮೈ ಸಂಸ್ಕರಣೆ, ಬಿರುಕಿನ ತಪಾಸಣೆ ಎಲ್ಲ ಒಂದೇ ಆವರಣದಲ್ಲಿ ನಡೆಯುತ್ತವೆ. ವಿಮಾನದ ರೆಕ್ಕೆಗೆ, ಗಾಲಿಯ ಕಾಲುಗಳಿಗೆ, ಇಂಜಿನ್ನಿಗೆ ಬೇಕಾದ ಭಾಗಗಳು ಅಲ್ಲಿಂದ ದೂರದ ದೇಶಗಳಿಗೆ ಹೋಗುತ್ತವೆ. ನಾನು ಈ ಕಸುಬು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಯಿತು. ಈಗಿನ ಮಕ್ಕಳಿಗೆ ಅದು ಮನೆಯ ಹತ್ತಿರವೇ ಇದೆ.

ನನ್ನ ತಂಗಿಯ ಮಗಳು ಇಂಥದೇ ಒಂದು ಕತ್ತಲೆ ಕೋಣೆಯಲ್ಲಿ ಕೆಲಸಕ್ಕಿದ್ದಾಳೆ. ಎರಡನೇ ಪಾಳಿ ಮುಗಿಸಿ ಬರುವಾಗ ರಾತ್ರಿ ಆಗಿರುತ್ತದೆ. ನಾನು ಕಟ್ಟೆಯ ಮೇಲೆ ಕಾಯುತ್ತಿರುತ್ತೇನೆ. ಮೊನ್ನೆ ಕೇಳಿದೆ, "ಏನವಾ, ಇವತ್ತ ಏನರ ಸಿಕ್ತೇನು?"

"ಒಂದ ಗೆರಿ ಕಂಡಿತ್ತ ಮಾಮಾ," ಎಂದಳು. "ಒರಸಿದೆ. ಮತ್ತ ಪುಡಿ ಹಾಕಿ ಹತ್ತ ನಿಮಿಷ ಕುಂತೆ. ಮೂಡಲಿಲ್ಲ. ಹಿಂದಿಂದ ಎಲ್ಲಾರೂ ಅವಸರಾ ಮಾಡಾಕತ್ತಿದ್ರು. ಇನ್ನೊಂದ ಸಲ ಹಾಕಿ ಮತ್ತ ಹತ್ತ ನಿಮಿಷ ಕುಂತೆ. ಆಮ್ಯಾಲೆ ಸಹಿ ಮಾಡಿದೆ."